ಲಿಂಕ್ ಆಗಿರುವ ಮೂರು ರಿಪೀಟರ್: ಹತ್ತಿರದ ಬೆಟ್ಟಕ್ಕೆ ಸಲೀಸು, ಆಚೆ ಬೆಟ್ಟಕ್ಕೆ ಮಾತಿನ ತಲೆಯೇ ಹೋಗುತ್ತಿಲ್ಲ

ಬಯಲುಸೀಮೆ_ವಿಯು3

ಎಲ್ಲ ಓಎಂಗಳಿಗೂ (ಹ್ಯಾಮ್ ರೇಡಿಯೋ ಗೆಳೆಯರಿಗೂ) ನಮಸ್ಕಾರ. ರಿಸ್ಟ್ರಿಕ್ಟೆಡ್ ಗ್ರೇಡ್ ಪರವಾನಗಿ ಇದೆ. ಕೈಲಿರೋದು ಯುವಿ-5ಆರ್ ಹ್ಯಾಂಡಿ (ಕೈಯಲ್ಲಿ ಹಿಡಿಯುವ ವಾಕಿಟಾಕಿ), ಅದರ ಜೊತೆ ಬಂದ ರಬ್ಬರ್ ಆಂಟೆನಾ.

ನಮ್ಮ ಕಡೆ 2 ಮೀಟರ್ ಬ್ಯಾಂಡಿನ (145 ಮೆಗಾಹರ್ಟ್ಸ್ ಸುತ್ತಿನ) ಮೂರು ರಿಪೀಟರ್‌ಗಳನ್ನು, ಅಂದರೆ ಬೆಟ್ಟದ ಮೇಲಿದ್ದು ನಮ್ಮ ಮಾತು ಕೇಳಿ ಮತ್ತೆ ದೂರಕ್ಕೆ ಕಳಿಸುವ ನಿಲ್ದಾಣಗಳನ್ನು, 70 ಸೆಂ.ಮೀ. ಬ್ಯಾಂಡಿನ (435 ಮೆಗಾಹರ್ಟ್ಸ್ ಸುತ್ತಿನ) ಲಿಂಕ್ ಹಾಕಿ ಜೋಡಿಸಿದ್ದಾರೆ. ಮೊದಲ ಬೆಟ್ಟ ನಮ್ಮೂರಿಗೆ ಹತ್ತಿರ, ನಡುವಿನದು ಹಬ್ (ಎರಡೂ ಕಡೆಯ ಲಿಂಕ್ ಸೇರುವ ಜಾಗ), ಮೂರನೆಯದು ಘಟ್ಟದ ಕಡೆ. ಆಗುತ್ತಿರುವ ತೊಂದರೆಗಳು ಇವು:

ಹತ್ತಿರದ ರಿಪೀಟರ್‌ನಲ್ಲಿ ನನ್ನ ಮಾತು ಚೆನ್ನಾಗಿ ಕೇಳುತ್ತದೆ. ಮೂರನೇ ಬೆಟ್ಟದವರಿಗೆ ಮಾತ್ರ ನನ್ನ ಕಾಲ್‌ಸೈನಿನ (ಪರವಾನಗಿಯ ಗುರುತಿನ ಹೆಸರಿನ) ಮೊದಲ ಭಾಗ ಹೋಗುವುದೇ ಇಲ್ಲವಂತೆ, ಕೊನೆಯ ಅಕ್ಷರವಷ್ಟೇ ಕೇಳುತ್ತದಂತೆ.

ಮನೆ ಒಳಗಿಂದ ರಿಪೀಟರ್ ಪೂರ್ತಿ ಸಿಗ್ನಲ್‌ನಲ್ಲಿ ಕೇಳುತ್ತದೆ. ಆದರೆ ನಾನು ಪಿಟಿಟಿ (ಮಾತಾಡುವ ಗುಂಡಿ) ಒತ್ತಿ ಬಿಟ್ಟರೆ ಹಲವು ಸಲ ಬಾಲವೇ (ನಾವು ಬಿಟ್ಟ ಮೇಲೂ ರಿಪೀಟರ್ ಸ್ವಲ್ಪ ಹೊತ್ತು ಕಳಿಸುವ ಸಿಗ್ನಲ್) ಬರುವುದಿಲ್ಲ.

ಸಂಜೆ ಮಾತುಕತೆ ಜೋರಾಗಿದ್ದಾಗ ಮೂರನೇ ಬೆಟ್ಟ ಇದ್ದಕ್ಕಿದ್ದಂತೆ ಮೌನವಾಗುತ್ತದೆ. ಇಲ್ಲಿಯವರು ಮಾತಾಡುತ್ತಲೇ ಇರುತ್ತಾರೆ, ಅಲ್ಲಿಗೆ ಏನೂ ಹೋಗಿರುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಸರಿಹೋಗುತ್ತದೆ.

ಬೇರೆಯವರ ಮಾತಿನ ನಡುವೆ ಸೇರಲು "ಬ್ರೇಕ್" ಅಂದರೆ ಯಾರಿಗೂ ಕೇಳಿಸುವುದಿಲ್ಲ.

ಸೆಟ್ಟಿಂಗ್ ತಪ್ಪಿದೆಯಾ, ಬಳಸುವ ರೀತಿ ತಪ್ಪಿದೆಯಾ? ಲಿಂಕ್ ಏಳಿಸಲು ಡಿಟಿಎಂಎಫ್ ಕೋಡ್ (ಕೀಲಿಮಣೆಯ ಅಂಕಿ ಒತ್ತಿ ಕಳಿಸುವ ಸ್ವರ) ಏನಾದರೂ ಒತ್ತಬೇಕಾ?

---

ಹಳೇಹ್ಯಾಂಡಿ

ಸೆಟ್ಟಿಂಗಿನಿಂದಲೇ ಶುರು ಮಾಡೋಣ. ಯುವಿ-5ಆರ್‌ನಲ್ಲಿ ರಿಪೀಟರ್ ಚಾನೆಲ್ ಕೀಲಿಮಣೆಯಿಂದ ಉಳಿಸುವಾಗ ತುಂಬಾ ಜನ ಎಡವುತ್ತಾರೆ. ಇಲ್ಲಿ ಕೊಡುವ ಸಂಖ್ಯೆಗಳು ಉದಾಹರಣೆಗಷ್ಟೇ: ರಿಪೀಟರ್ ಔಟ್‌ಪುಟ್ (ಅದು ಕಳಿಸುವುದು, ನಾವು ಕೇಳುವುದು) 145.700 ಮೆಗಾಹರ್ಟ್ಸ್, ಇನ್‌ಪುಟ್ (ನಾವು ಕಳಿಸುವುದು) ಅದಕ್ಕಿಂತ 600 ಕಿಲೋಹರ್ಟ್ಸ್ ಕೆಳಗೆ, ಅಂದರೆ 145.100, ಟೋನ್ (ರಿಪೀಟರ್ ತೆರೆಯಲು ಮಾತಿನ ಜೊತೆ ಹೋಗುವ ಸಣ್ಣ ಸ್ವರ) 88.5 ಹರ್ಟ್ಸ್. ನಿಮ್ಮ ಕ್ಲಬ್ಬಿನವರು ಕೊಟ್ಟ ನಿಜವಾದ ಸಂಖ್ಯೆ ಹಾಕಿಕೊಳ್ಳಿ.

1. ಫ್ರೀಕ್ವೆನ್ಸಿ ಮೋಡ್‌ಗೆ ಬನ್ನಿ. ಮೇಲಿನ ಸಾಲು, ಅಂದರೆ ಎ ಸಾಲು ಆಯ್ಕೆ ಆಗಿರಬೇಕು. ಕೆಳಗಿನ ಸಾಲಿನಿಂದ ಉಳಿಸಲು ಹೋದರೆ ಕೆಲಸ ಕೆಡುತ್ತದೆ.
2. ಮೆನು 7, ಡ್ಯುಯಲ್ ವಾಚ್ ಆಫ್.
3. ಮೆನು 28ರಲ್ಲಿ ಆ ಚಾನೆಲ್ ಸಂಖ್ಯೆಯ ಹಳೆಯ ಮೆಮೊರಿ ಅಳಿಸಿ. ತುಂಬಿದ ಚಾನೆಲ್ ಮೇಲೆ ಹೊಸದು ಕೂರುವುದಿಲ್ಲ.
4. ಮೆನು 25, ಶಿಫ್ಟ್ (ಕೇಳುವ, ಕಳಿಸುವ ಫ್ರೀಕ್ವೆನ್ಸಿಗಳ ಅಂತರ) ಆಫ್. ಗಾಬರಿಯಾಗಬೇಡಿ, ಈ ವಿಧಾನದಲ್ಲಿ ಶಿಫ್ಟ್ ಬೇಕಾಗುವುದಿಲ್ಲ.
5. ಮೆನು 13ರಲ್ಲಿ ಕಳಿಸುವ ಟೋನ್ 88.5. ಮೆನು 11ರಲ್ಲಿ ಕೇಳುವ ಟೋನ್ ಸದ್ಯಕ್ಕೆ ಆಫ್.
6. 145.700 ಒತ್ತಿ, ಮೆನು 27ರಲ್ಲಿ ಚಾನೆಲ್ ಆರಿಸಿ ಉಳಿಸಿ. ಇದು ಕೇಳುವ ಫ್ರೀಕ್ವೆನ್ಸಿ.
7. ಹೊರಬಂದು 145.100 ಒತ್ತಿ, ಮತ್ತೆ ಮೆನು 27, ಅದೇ ಚಾನೆಲ್, ಉಳಿಸಿ. ಇದು ಕಳಿಸುವ ಫ್ರೀಕ್ವೆನ್ಸಿ.

ಟೋನ್ ಹಾಕುವುದು 6ನೇ ಹೆಜ್ಜೆಗಿಂತ ಮೊದಲೇ ಆಗಬೇಕು. ಆಮೇಲೆ ಹಾಕಿದರೆ ಪರದೆಯ ಮೇಲೆ ಎಲ್ಲ ಸರಿಯಾಗಿ ಕಾಣುತ್ತದೆ, ಟೋನ್ ಮಾತ್ರ ಹೋಗುವುದಿಲ್ಲ.

ಇದೇ ಕೂತಲ್ಲಿ ಇನ್ನೂ ನಾಲ್ಕು ನೋಡಿ. ಮೆನು 5 (ಚಾನೆಲ್ ಅಗಲ) ವೈಡ್ ಇರಲಿ (ನಿಮ್ಮ ರಿಪೀಟರ್ ನ್ಯಾರೋ ಅಂತ ಕ್ಲಬ್ಬು ಹೇಳಿದ್ದರೆ ಮಾತ್ರ ನ್ಯಾರೋ). ಮೆನು 23 ಆಫ್ ಮಾಡಿ. ಅದು ಆನ್ ಇದ್ದರೆ ರಿಪೀಟರ್ ಬಾಲ ಮುಗಿಯುವವರೆಗೂ ಸೆಟ್ಟು ನಿಮಗೆ ಪಿಟಿಟಿ ಕೊಡುವುದೇ ಇಲ್ಲ, "ಬ್ರೇಕ್" ಹೋಗದಿರಲು ಇದೊಂದು ಕಾರಣ ಇರಬಹುದು. ಮೆನು 39, ರೋಜರ್ ಬೀಪ್ ಆಫ್. ಮೆನು 9, ಟೈಮ್-ಔಟ್ (ಒಂದೇ ಸಲಕ್ಕೆ ಕಳಿಸಬಹುದಾದ ಗರಿಷ್ಠ ಹೊತ್ತು), 60ರಿಂದ 120 ಸೆಕೆಂಡ್ ಒಳಗೆ ಇರಲಿ. ಹ್ಯಾಂಡಿ ಬ್ಯಾಗಿನಲ್ಲಿ ಅದುಮಿ ಪಿಟಿಟಿ ಒತ್ತಿಕೊಂಡರೆ ಒಂದು ರಿಪೀಟರ್ ಅಲ್ಲ, ಮೂರೂ ಬೆಟ್ಟ ಒಟ್ಟಿಗೆ ಮುಚ್ಚಿಹೋಗುತ್ತವೆ. ಈ ಒಂದು ಸೆಟ್ಟಿಂಗ್ ಎಲ್ಲರೂ ಹಾಕಲೇಬೇಕು ಅನ್ನೋದು ನನ್ನ ಖಂಡಿತ ಅಭಿಪ್ರಾಯ.

ಕಾಲ್‌ಸೈನ್ ತಲೆ ಹೋಗುವುದಕ್ಕೆ ಉತ್ತರ: ಪಿಟಿಟಿ ಒತ್ತಿದ ಮೇಲೆ ತಡೆದು ಮಾತಾಡಿ. ಎಷ್ಟು ತಡೆಯಬೇಕು ಅಂತ ಊಹೆ ಮಾಡಬೇಡಿ, ಅಳೆಯಿರಿ. ಕಾಲ್‌ಸೈನ್ ಹೇಳಿ, ಪರೀಕ್ಷೆ ಅಂತ ತಿಳಿಸಿ, ಬಿಡಿ. ಬಾಲ ಪೂರ್ತಿ ಬಿದ್ದು ಎಲ್ಲ ಕಡೆ ಶಾಂತವಾದ ಮೇಲೆ ಪಿಟಿಟಿ ಒತ್ತಿದ ಕ್ಷಣದಿಂದಲೇ, ಸೆಕೆಂಡಿಗೆ ಎರಡು ಅಂಕಿಯಂತೆ ಸಮವಾಗಿ "ಒಂದು ಎರಡು ಮೂರು ನಾಲ್ಕು ಐದು ಆರು" ಎಣಿಸಿ. ನಡುವಿನ ಬೆಟ್ಟದಲ್ಲಿ ಒಬ್ಬರು, ಆಚೆ ಬೆಟ್ಟದಲ್ಲಿ ಒಬ್ಬರು ಮೊದಲು ಕೇಳಿದ ಅಂಕಿ ಯಾವುದು ಅಂತ ಹೇಳಲಿ. "ಮೂರರಿಂದ ಕೇಳಿತು" ಅಂದರೆ ಒಂದು ಸೆಕೆಂಡು ನಷ್ಟ. ಅದಕ್ಕೆ ಅರ್ಧ ಸೆಕೆಂಡು ಸೇರಿಸಿ ಅಭ್ಯಾಸ ಮಾಡಿಕೊಳ್ಳಿ.

ಡಿಟಿಎಂಎಫ್ ಏನೂ ಒತ್ತಬೇಡಿ. ಲಿಂಕ್ ಜೋಡಿಸುವ, ಬಿಡಿಸುವ ಕೋಡ್ ನಿಯಂತ್ರಣ ಹೊತ್ತವರ ಕೈಲಿರುತ್ತದೆ.

---

ಘಟ್ಟದಂಚು

ಹಳೇಹ್ಯಾಂಡಿ ಅವರು ಹೇಳಿದ್ದು ಸರಿ. ಆದರೆ ತಡ ಎಲ್ಲಿ ಹುಟ್ಟುತ್ತದೆ ಅಂತ ಗೊತ್ತಾದರೆ ಮೌನ, "ಬ್ರೇಕ್" ತೊಂದರೆಗಳಿಗೂ ಅದರಲ್ಲೇ ಉತ್ತರ ಸಿಗುತ್ತದೆ.

ಮೊದಲ ಬೆಟ್ಟದ ರಿಪೀಟರ್ ನಿಮ್ಮ ಟೋನ್ ಗುರುತಿಸಲು ಸುಮಾರು 0.15ರಿಂದ 0.25 ಸೆಕೆಂಡು ತೆಗೆದುಕೊಳ್ಳುತ್ತದೆ. 67 ಹರ್ಟ್ಸ್‌ನಂಥ ಕೆಳಗಿನ ಟೋನ್ ಆದರೆ ಹೆಚ್ಚು, 100 ದಾಟಿದ್ದಾದರೆ ಕಡಿಮೆ. ಆಮೇಲೆ ಅದರ ಲಿಂಕ್ ರೇಡಿಯೋ ಟ್ರಾನ್ಸ್‌ಮಿಟ್‌ಗೆ ಏಳಬೇಕು. ಹಬ್‌ನಲ್ಲಿರುವ ಲಿಂಕ್ ರೇಡಿಯೋ ಮತ್ತೆ ಟೋನ್ ಗುರುತಿಸಬೇಕು, ಮೂರನೇ ಬೆಟ್ಟದ ಕಡೆಯ ರೇಡಿಯೋ ಏಳಬೇಕು, ಅಲ್ಲಿ ಇನ್ನೊಮ್ಮೆ ಟೋನ್. ಕೊನೆಗೆ ಕೇಳುವವರ ಹ್ಯಾಂಡಿ. ಅವರ ಸೆಟ್ಟಿನಲ್ಲಿ ಬ್ಯಾಟರಿ ಉಳಿಕೆ (ಮೆನು 3) ಆನ್ ಇದ್ದರೆ ರಿಸೀವರ್ ನಿದ್ದೆಯಿಂದ ಏಳಲೂ ಸ್ವಲ್ಪ ಹೊತ್ತು ಬೇಕು. ಎಲ್ಲ ಕೂಡಿದರೆ ಒಂದು ಸೆಕೆಂಡಿನ ಹತ್ತಿರ ಬರುತ್ತದೆ. ಆ ಒಂದು ಸೆಕೆಂಡಿನಲ್ಲೇ ನಿಮ್ಮ ಕಾಲ್‌ಸೈನ್ ಕರಗಿಹೋಗುತ್ತಿದೆ.

ಹ್ಯಾಂಡಿ ಸಿಗ್ನಲ್ ಒದ್ದಾಡುವಾಗ ಆಗುವುದೂ ಇದೇ. ಒಂದೇ ರಿಪೀಟರ್ ಇದ್ದರೆ, ನಡೆಯುತ್ತಾ ಮಾತಾಡುವಾಗ ಕ್ಷಣಮಾತ್ರ ಸಿಗ್ನಲ್ ಬಿದ್ದರೆ ಒಂದು ಅಕ್ಷರ ಹೋಗುತ್ತದೆ, ಅಷ್ಟೆ. ಲಿಂಕ್ ಜಾಲದಲ್ಲಿ ಆ ಕ್ಷಣಕ್ಕೇ ಲಿಂಕ್ ರೇಡಿಯೋ ಬಿದ್ದು, ಮತ್ತೆ ಏಳುವಾಗ ಸರಪಳಿಯ ಪೂರ್ತಿ ತಡ ಇನ್ನೊಮ್ಮೆ ಕಟ್ಟಬೇಕಾಗುತ್ತದೆ. ಇಲ್ಲಿ ಒಂದು ಅಕ್ಷರ ಹೋದರೆ ಆಚೆ ಬೆಟ್ಟದಲ್ಲಿ ಎರಡು ಪದ ಹೋಗಿರುತ್ತದೆ. ಹತ್ತಿರದವರು "ಫೈವ್ ನೈನ್" (ಪೂರ್ತಿ ಸ್ಪಷ್ಟ) ಅಂತ ವರದಿ ಕೊಟ್ಟಾಗ ದೂರದವರಿಗೂ ಹಾಗೇ ಹೋಗುತ್ತಿದೆ ಅಂತ ನಂಬಬೇಡಿ. ಒಂದು ಕಡೆ ನಿಂತು, ಆಂಟೆನಾ ನೆಟ್ಟಗೆ ಹಿಡಿದು ಮಾತಾಡಿ.

ಈಗ ಮೌನದ ವಿಷಯ. ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ 70 ಸೆಂ.ಮೀ.ನಲ್ಲಿ ಸಿಗುವುದು 434ರಿಂದ 438 ಮೆಗಾಹರ್ಟ್ಸ್, ಬರೀ 4 ಮೆಗಾಹರ್ಟ್ಸ್ ಜಾಗ. ಬೇರೆ ದೇಶಗಳಲ್ಲಿ ಬಳಸುವ 5 ಮೆಗಾಹರ್ಟ್ಸ್ ಅಂತರದ ಡುಪ್ಲೆಕ್ಸ್ ಜೋಡಿ (ಕೇಳುವುದಕ್ಕೊಂದು, ಕಳಿಸುವುದಕ್ಕೊಂದು ಫ್ರೀಕ್ವೆನ್ಸಿ) ಇದರೊಳಗೆ ಹಿಡಿಸುವುದೇ ಇಲ್ಲ. ಹಾಗಾಗಿ ಇಲ್ಲಿ ಸರಳವಾಗಿ ಕಟ್ಟುವ ಲಿಂಕ್ ಒಂದೇ ಫ್ರೀಕ್ವೆನ್ಸಿಯ ಹಾಫ್ ಡುಪ್ಲೆಕ್ಸ್: ಕಳಿಸುವಾಗ ಕೇಳುವುದಿಲ್ಲ, ಕೇಳುವಾಗ ಕಳಿಸುವುದಿಲ್ಲ. ನೀವು ವಿವರಿಸಿದ ಲಕ್ಷಣ ನೋಡಿದರೆ ನಿಮ್ಮದೂ ಹೀಗೇ ಇರಬೇಕು.

ಇದರ ಪರಿಣಾಮ ನೋಡಿ. ನಿಮ್ಮ ಬೆಟ್ಟದಲ್ಲಿ ಇಬ್ಬರು ಮಾತಾಡುತ್ತಿದ್ದಾರೆ. ಒಬ್ಬರು ಬಿಟ್ಟ ಕೂಡಲೇ ಇನ್ನೊಬ್ಬರು ಬಾಲದ ಮೇಲೇ ಪಿಟಿಟಿ ಒತ್ತುತ್ತಾರೆ. ಲಿಂಕ್ ರೇಡಿಯೋ ಕೆಳಗಿಳಿಯಲು ಅವಕಾಶವೇ ಸಿಗುವುದಿಲ್ಲ. ಅದು ಕಳಿಸುತ್ತಲೇ ಇರುವುದರಿಂದ ಆಚೆ ಬೆಟ್ಟದವರ "ಬ್ರೇಕ್" ಅದಕ್ಕೆ ಕೇಳುವ ಮಾತೇ ಇಲ್ಲ. ಇತ್ತ ಲಿಂಕ್‌ನ ಟೈಮ್-ಔಟ್ ಗಡಿಯಾರ ಓಡುತ್ತಲೇ ಇರುತ್ತದೆ. ಸಾಮಾನ್ಯವಾಗಿ 3 ನಿಮಿಷಕ್ಕೆ ಇಟ್ಟಿರುತ್ತಾರೆ. ಇಬ್ಬರಲ್ಲಿ ಯಾರೂ 3 ನಿಮಿಷ ಮಾತಾಡಿರುವುದಿಲ್ಲ, ಆದರೆ ಲಿಂಕ್ ಲೆಕ್ಕದಲ್ಲಿ ಅದೆಲ್ಲ ಒಂದೇ ಉದ್ದದ ಮಾತು. ಗಡಿಯಾರ ಮುಗಿಯಿತು, ಲಿಂಕ್ ಕಟ್. ಸ್ಥಳೀಯ ರಿಪೀಟರ್ ಮಾತ್ರ ಪ್ರತಿ ಸಲ ತನ್ನ ಗಡಿಯಾರ ಹೊಸದಾಗಿ ಶುರು ಮಾಡುವುದರಿಂದ ನಡೆಯುತ್ತಲೇ ಇರುತ್ತದೆ. ನೀವು ನೋಡಿದ್ದು ಇದನ್ನೇ.

ಹಾಗಾಗಿ ಎದುರಿನವರು ಬಿಟ್ಟ ಮೇಲೆ ಕರ್ಟಸಿ ಟೋನ್ (ಮಾತು ಮುಗಿಯಿತು ಅಂತ ರಿಪೀಟರ್ ಕೊಡುವ ಬೀಪ್) ಕೇಳಿ, ಅದಾದ ಮೇಲೆ ಎರಡರಿಂದ ಮೂರು ಸೆಕೆಂಡು ಸುಮ್ಮನಿದ್ದು, ಆಮೇಲೆ ಒತ್ತಿ. ಆ ಹೊತ್ತಿನಲ್ಲಿ ಲಿಂಕ್ ಇಳಿಯುತ್ತದೆ, ಗಡಿಯಾರ ಸೊನ್ನೆಗೆ ಬರುತ್ತದೆ, ಆಚೆಯವರು ನುಗ್ಗಲು ಬಾಗಿಲು ತೆರೆಯುತ್ತದೆ. ಒತ್ತಿದ ಮೇಲೆ ಮತ್ತೆ ಒಂದೂವರೆ ಸೆಕೆಂಡು. ಮೊದಮೊದಲು ಇದು ತೀರಾ ನಿಧಾನ ಅನ್ನಿಸುತ್ತದೆ. ಜಾಲದಲ್ಲಿ ಒಬ್ಬರೇ ಒಬ್ಬರು ಇದನ್ನು ಪಾಲಿಸದಿದ್ದರೂ ಆಚೆ ತುದಿಯವರು ಇಡೀ ಸಂಜೆ ಹೊರಗೇ ಉಳಿಯುತ್ತಾರೆ.

ಜಾಲ ನಡೆಸುವವರಿಗೂ ಒಂದು ಮಾತು. ಲಿಂಕ್ ರೇಡಿಯೋ ರಿಪೀಟರ್‌ನ ಬಾಲದ ಜೊತೆ ಏಳಬಾರದು, ಬಳಕೆದಾರರ ಸಿಗ್ನಲ್ ಬಿದ್ದ ಕೂಡಲೇ ಇಳಿಯಬೇಕು. ಕಂಟ್ರೋಲರ್‌ನಲ್ಲಿ ಲಿಂಕ್ ಪೋರ್ಟಿನ ಹ್ಯಾಂಗ್ ಟೈಮ್ (ಸಿಗ್ನಲ್ ಬಿದ್ದ ಮೇಲೂ ಲಿಂಕ್ ಎದ್ದಿರುವ ಹೊತ್ತು) ಸೊನ್ನೆ ಇಡಿ. ಅದು 3 ಸೆಕೆಂಡು ಇದ್ದರೆ ಬಳಸುವವರು ಎಷ್ಟೇ ಶಿಸ್ತಾಗಿದ್ದರೂ ಪ್ರಯೋಜನವಿಲ್ಲ.

---

ಬಯಲುಸೀಮೆ_ವಿಯು3

ಬಹಳ ಉಪಕಾರವಾಯಿತು ಸಾರ್. ಮೆನು 23 ಆನ್ ಇತ್ತು, ಆಫ್ ಮಾಡಿದೆ. ಎಣಿಕೆ ಪರೀಕ್ಷೆಯಲ್ಲಿ ನಡುವಿನ ಬೆಟ್ಟದವರಿಗೆ "ಎರಡು"ರಿಂದ ಕೇಳಿತು. ಮೂರನೇ ಬೆಟ್ಟದವರಿಗೆ ಒಮ್ಮೆ "ಮೂರು", ಒಮ್ಮೆ "ನಾಲ್ಕು". ಒತ್ತಿ ಎರಡು ಸೆಕೆಂಡು ತಡೆದರೆ ಕಾಲ್‌ಸೈನ್ ಪೂರ್ತಿ ಹೋಗುತ್ತಿದೆ.

ಉಳಿದಿರುವುದು ಎರಡು. ಮನೆ ಒಳಗಿಂದ ಈಗಲೂ ಬಾಲ ಬರುವುದಿಲ್ಲ, ಕಡಿಮೆ ಖರ್ಚಿನ ಆಂಟೆನಾ ಯಾವುದು? ಎರಡನೆಯದು, ಮೂರನೇ ಬೆಟ್ಟಕ್ಕೆ ನನ್ನ ಮಾತು ತಲೆ ಸಮೇತ ಹೋದರೂ ನಡುನಡುವೆ "ಖರ್ರ್" ಅಂತ ಒಡೆಯುತ್ತದಂತೆ. ನಡುವಿನ ಬೆಟ್ಟದಲ್ಲಿ ಅದೇ ಮಾತು ಶುದ್ಧ.

---

ಏರಿಯಲ್_ಏಣಿ

ಆಂಟೆನಾ ನನಗೆ ಬಿಡಿ.

ಮೊದಲು, ಕೇಳುವುದು ಚೆನ್ನಾಗಿದ್ದೂ ಹೋಗದಿರುವುದಕ್ಕೆ ಕಾರಣ: ರಿಪೀಟರ್ 25 ವ್ಯಾಟ್ ಕಳಿಸುತ್ತಿದೆ ಅಂದುಕೊಂಡರೆ ನಿಮ್ಮ 5 ವ್ಯಾಟ್ ಅದಕ್ಕಿಂತ 7 ಡೆಸಿಬೆಲ್ ಕಡಿಮೆ. ಎತ್ತರದ ಲೆಕ್ಕ ಬೇರೆ. ರೇಡಿಯೋ ದಿಗಂತ ಕಿಲೋಮೀಟರಿನಲ್ಲಿ ಎಷ್ಟು ಅಂದರೆ, ಎತ್ತರದ (ಮೀಟರ್) ವರ್ಗಮೂಲವನ್ನು 4.12ರಿಂದ ಗುಣಿಸಿದಷ್ಟು. ನಂದಿಬೆಟ್ಟದಂಥ 1478 ಮೀಟರ್ ಬೆಟ್ಟ 900 ಮೀಟರ್ ಬಯಲಿನ ಮೇಲೆ ನಿಂತಿದೆ ಅಂದರೆ 578 ಮೀಟರ್ ಎದ್ದಿದೆ, ದಿಗಂತ ಸುಮಾರು 99 ಕಿಲೋಮೀಟರ್. ಕೈಲಿರುವ ಹ್ಯಾಂಡಿ 2 ಮೀಟರ್ ಎತ್ತರ ಅಂತಿಟ್ಟರೆ ಇನ್ನೊಂದು 6 ಸೇರುತ್ತದೆ. ದೂರದ ಮಟ್ಟಿಗೆ ನಿಮಗೆ ಕೊರತೆ ಇಲ್ಲ. ನಿಮ್ಮ ಸಿಗ್ನಲ್ ನುಂಗುತ್ತಿರುವುದು ತಾರಸಿಯ ಕಬ್ಬಿಣ ಮತ್ತು ಆ ರಬ್ಬರ್ ಆಂಟೆನಾ.

ಇವತ್ತೇ ಮಾಡಬಹುದಾದದ್ದು: 49 ಸೆಂ.ಮೀ. ಉದ್ದದ ಮೆತ್ತನೆ ವೈರ್ ತೆಗೆದುಕೊಂಡು ಹ್ಯಾಂಡಿಯ ಆಂಟೆನಾ ಕನೆಕ್ಟರಿನ ಹೊರಗಿನ ಲೋಹಕ್ಕೆ, ಅಂದರೆ ಗ್ರೌಂಡ್ ಭಾಗಕ್ಕೆ, ಸಿಕ್ಕಿಸಿ ಕೆಳಗೆ ಇಳಿಬಿಡಿ. ಒಳಗಿನ ಪಿನ್ನಿಗೆ ತಾಕಬಾರದು. ಹ್ಯಾಂಡಿಗೆ ಇಲ್ಲದ ಅರ್ಧ ಆಂಟೆನಾ ಇದು. ಕಿಟಕಿ ಪಕ್ಕ ನಿಂತು ನೋಡಿ, ಬಾಲ ಬರುವ ಸಾಧ್ಯತೆ ಹೆಚ್ಚು.

ಈ ವಾರ ಮಾಡಬಹುದಾದದ್ದು ಕಾಲು ತರಂಗದ ಗ್ರೌಂಡ್ ಪ್ಲೇನ್ ಆಂಟೆನಾ. ಬೇಕಾದ್ದು ಒಂದು ಎಸ್ಒ-239 ಪ್ಯಾನೆಲ್ ಸಾಕೆಟ್ (ನಾಲ್ಕು ಮೂಲೆಯಲ್ಲಿ ತೂತಿರುವುದು), ವೆಲ್ಡಿಂಗ್ ಅಂಗಡಿಯಲ್ಲಿ ಸಿಗುವ 2 ಅಥವಾ 3 ಮಿ.ಮೀ. ಹಿತ್ತಾಳೆಯ ಬ್ರೇಜಿಂಗ್ ಕಡ್ಡಿ ಐದು, ನಾಲ್ಕು ಜೊತೆ ಸಣ್ಣ ಸ್ಕ್ರೂ-ನಟ್. ನಡುವಿನ ಕಡ್ಡಿ 50 ಸೆಂ.ಮೀ. ಕತ್ತರಿಸಿ ಒಳಪಿನ್ನಿಗೆ ಬೆಸುಗೆ ಹಾಕಿ. ಮೂಲೆಯ ನಾಲ್ಕು ಕಡ್ಡಿ 52 ಸೆಂ.ಮೀ., ತುದಿ ಬಳೆ ಮಾಡಿ ಸ್ಕ್ರೂ ಬಿಗಿದು 45 ಡಿಗ್ರಿ ಕೆಳಗೆ ಬಗ್ಗಿಸಿ. ಬಗ್ಗಿಸುವುದು ಅಂದಕ್ಕಲ್ಲ: ಅಡ್ಡಕ್ಕೆ ನೇರ ಇಟ್ಟರೆ ಇಂಪೀಡೆನ್ಸ್ 35 ಓಮ್ ಆಸುಪಾಸು ಇರುತ್ತದೆ, ಬಗ್ಗಿಸಿದಾಗ ಸೆಟ್ಟಿಗೆ ಬೇಕಾದ 50ಕ್ಕೆ ಏರುತ್ತದೆ. ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾದಿಂದ ವಾಪಸ್ ಬರುವ ಶಕ್ತಿ ತೋರಿಸುವುದು) ಇಟ್ಟು 145.1ರಲ್ಲಿ ನೋಡುತ್ತಾ ನಡುವಿನ ಕಡ್ಡಿಯನ್ನು 2-3 ಮಿ.ಮೀ.ನಂತೆ ತರಿಯಿರಿ. 49 ಸೆಂ.ಮೀ. ಸುತ್ತ ಎಸ್‌ಡಬ್ಲ್ಯುಆರ್ 1.5ಕ್ಕಿಂತ ಕೆಳಗೆ ಬರುತ್ತದೆ. ನೀವು ಕಳಿಸುವುದು ಇನ್‌ಪುಟ್‌ನಲ್ಲಿ, ಹಾಗಾಗಿ ಅಳತೆಯೂ ಇನ್‌ಪುಟ್‌ನಲ್ಲೇ ಆಗಬೇಕು.

ಕೇಬಲ್ ಬಗ್ಗೆ ಜಿಪುಣತನ ಬೇಡ. ಆರ್‌ಜಿ-58 ನಮ್ಮ ಫ್ರೀಕ್ವೆನ್ಸಿಯಲ್ಲಿ 100 ಮೀಟರಿಗೆ ಸುಮಾರು 20 ಡೆಸಿಬೆಲ್ ತಿನ್ನುತ್ತದೆ. 15 ಮೀಟರ್ ಎಳೆದರೆ 3 ಡೆಸಿಬೆಲ್, 5 ವ್ಯಾಟಿನಲ್ಲಿ ಅರ್ಧ ಕೇಬಲ್ಲಿಗೇ ಹೋಯಿತು. ಆರ್‌ಜಿ-213 ಆದರೆ ಅದೇ ಉದ್ದಕ್ಕೆ ಒಂದೂವರೆ ಡೆಸಿಬೆಲ್ ಒಳಗೆ. ಯುವಿ-5ಆರ್‌ಗೆ ಅಡಾಪ್ಟರ್ ಕೊಳ್ಳುವಾಗ ನೆನಪಿಡಿ, ಪಿನ್ ಇರುವುದು ಸೆಟ್ಟಿನಲ್ಲಿ, ಅಡಾಪ್ಟರ್ ತೂತಿರುವ ಜಾತಿಯದಾಗಿರಬೇಕು. ದಪ್ಪ ಕೇಬಲ್ಲನ್ನು ನೇರವಾಗಿ ಹ್ಯಾಂಡಿಗೆ ತೂಗುಹಾಕಬೇಡಿ, ಕನೆಕ್ಟರ್ ಕಿತ್ತು ಬರುತ್ತದೆ. ನಡುವೆ ಒಂದಡಿ ತೆಳು ಕೇಬಲ್ ಹಾಕಿ.

ಮೇಲಿನ ಕನೆಕ್ಟರಿಗೆ ಸೆಲ್ಫ್ ಅಮಾಲ್ಗಮೇಟಿಂಗ್ ಟೇಪ್ ಎಳೆದು ಎಳೆದು ಸುತ್ತಿ, ಅದರ ಮೇಲೆ ಪಿವಿಸಿ ಟೇಪ್. ಬರೀ ಪಿವಿಸಿ ಟೇಪ್ ಒಂದು ಬೇಸಿಗೆಗೆ ಬಿಚ್ಚಿಕೊಳ್ಳುತ್ತದೆ, ಮುಂಗಾರಿನಲ್ಲಿ ನೀರು ಕೇಬಲ್ಲಿನ ಜಾಲರಿ ಹಿಡಿದು ಒಳಗಿಳಿಯುತ್ತದೆ, ಆಮೇಲೆ ಆ ಕೇಬಲ್ ಎಸೆಯುವುದೇ. ಏಪ್ರಿಲ್-ಮೇ ಗುಡುಗಿನ ದಿನಗಳಲ್ಲಿ ಬಳಸದಾಗ ಕೇಬಲ್ ಕಿತ್ತು ಮನೆಯ ಹೊರಗೆ ಬಿಡಿ.

---

ಘಟ್ಟದಂಚು

"ಖರ್ರ್" ಬಗ್ಗೆ. ನಡುವಿನ ಬೆಟ್ಟದಲ್ಲಿ ಶುದ್ಧವಾಗಿದ್ದು ಮೂರನೆಯದರಲ್ಲಿ ಒಡೆದರೆ ತಪ್ಪು ನಿಮ್ಮದಲ್ಲ, ಹಬ್‌ನಿಂದ ಆಚೆಯದು. ಎರಡು ಕಡೆ ಹುಡುಕಬೇಕು.

ಒಂದು, ಹಬ್‌ನಿಂದ ಮೂರನೇ ಬೆಟ್ಟಕ್ಕಿರುವ ಲಿಂಕ್‌ನ ಫ್ರೀಕ್ವೆನ್ಸಿ. 2 ಮೀಟರ್ ಬ್ಯಾಂಡಿನ ಮೂರನೇ ಹಾರ್ಮಾನಿಕ್ (ಟ್ರಾನ್ಸ್‌ಮಿಟರ್‌ನಿಂದ ಜೊತೆಗೇ ಸೋರುವ ಮೂರು ಪಟ್ಟು ಫ್ರೀಕ್ವೆನ್ಸಿ) ಬಹುಪಾಲು ನಮ್ಮ 70 ಸೆಂ.ಮೀ. ಬ್ಯಾಂಡಿನೊಳಗೆ ಬೀಳುತ್ತದೆ. 145.700ರ ಮೂರರಷ್ಟು 437.100. ಮೂರನೇ ಬೆಟ್ಟದ ರಿಪೀಟರ್ 145.700ರಲ್ಲಿ ಕಳಿಸುತ್ತಿದ್ದು, ಪಕ್ಕದಲ್ಲೇ ಇರುವ ಅದರ ಲಿಂಕ್ ರಿಸೀವರ್ 437.100ರ ಹತ್ತಿರ ಕೇಳುತ್ತಿದ್ದರೆ, ರಿಪೀಟರ್ ತನ್ನ ಲಿಂಕಿನ ಕಿವಿಯಲ್ಲೇ ಕೂಗಿದಂತೆ. ಲಿಂಕ್‌ನಿಂದ ಮಾತು ಬರುತ್ತದೆ, ರಿಪೀಟರ್ ಏಳುತ್ತದೆ, ಅದು ಎದ್ದ ಕೂಡಲೇ ಲಿಂಕ್ ಕಿವುಡಾಗುತ್ತದೆ, ರಿಪೀಟರ್ ಬೀಳುತ್ತದೆ, ಮತ್ತೆ ಮಾತು. ಹಾರ್ಮಾನಿಕ್‌ನಲ್ಲಿ ಡೀವಿಯೇಷನ್ (ಮಾತಿನಿಂದ ಫ್ರೀಕ್ವೆನ್ಸಿ ಅತ್ತಿತ್ತ ಸರಿಯುವಷ್ಟು) ಕೂಡ ಮೂರು ಪಟ್ಟು ಆಗುವುದರಿಂದ ಪಕ್ಕದ ಚಾನೆಲ್‌ಗಳಿಗೂ ಹರಡುತ್ತದೆ. ಮೂರೂ ರಿಪೀಟರ್ ಔಟ್‌ಪುಟ್ ಬರೆದು ಮೂರರಿಂದ ಗುಣಿಸಿ, ಲಿಂಕ್ ಫ್ರೀಕ್ವೆನ್ಸಿಗಳ ಪಕ್ಕ ಇಟ್ಟು ನೋಡಿ. ಕಾಗದದ ಮೇಲೆ ಐದು ನಿಮಿಷದ ಕೆಲಸ, ಬೆಟ್ಟ ಹತ್ತುವ ಮೊದಲು ಮಾಡಿ. ಫ್ರೀಕ್ವೆನ್ಸಿ ಬದಲಿಸಲಾಗದಿದ್ದರೆ 2 ಮೀಟರ್ ಟ್ರಾನ್ಸ್‌ಮಿಟರ್ ನಂತರ ಲೋ-ಪಾಸ್ ಫಿಲ್ಟರ್ (ಮೇಲಿನ ಫ್ರೀಕ್ವೆನ್ಸಿ ತಡೆಯುವುದು) ಹಾಕಬೇಕು.

ಎರಡು, ಹಬ್‌ನಲ್ಲಿ ಎರಡು ಲಿಂಕ್ ರೇಡಿಯೋ ಒಟ್ಟಿಗಿರುವುದು. ನೀವು ಮಾತಾಡುವಾಗ ಒಂದು ನಿಮ್ಮ ಬೆಟ್ಟವನ್ನು ಕೇಳುತ್ತಿರಬೇಕು, ಅದೇ ಹೊತ್ತಿನಲ್ಲಿ ಇನ್ನೊಂದು ಮೂರನೇ ಬೆಟ್ಟಕ್ಕೆ ಕಳಿಸುತ್ತಿರಬೇಕು. ಎರಡೂ 4 ಮೆಗಾಹರ್ಟ್ಸ್ ಒಳಗೆ. ಕಳಿಸುವುದು ಕೇಳುವುದನ್ನು ಮುಚ್ಚಿಹಾಕುತ್ತದೆ. ಆದರೆ ಹಾಗಾದರೆ ಹಬ್‌ನ 2 ಮೀಟರ್ ಔಟ್‌ಪುಟ್‌ನಲ್ಲೂ ಮಾತು ಒಡೆಯಬೇಕು. ನಿಮ್ಮಲ್ಲಿ ಅಲ್ಲಿ ಶುದ್ಧ ಅಂದಿರಿ, ಹಾಗಾಗಿ ಮೊದಲನೆಯದರ ಮೇಲೇ ನನ್ನ ಅನುಮಾನ. ಇನ್ನೂ ಕಟ್ಟಬೇಕಿರುವವರಿಗೆ: ಎರಡು ಲಿಂಕ್ ಫ್ರೀಕ್ವೆನ್ಸಿ ಬ್ಯಾಂಡಿನ ಎರಡು ತುದಿಗೆ ಇಡಿ. ಆಂಟೆನಾಗಳನ್ನು ಅಕ್ಕಪಕ್ಕ ಹಾಕಬೇಡಿ, ಒಂದರ ಮೇಲೊಂದು ಹಾಕಿ. 435ರಲ್ಲಿ ನೇರ ಮೇಲೆ-ಕೆಳಗೆ 3 ಮೀಟರ್ ಅಂತರ ಕೊಟ್ಟರೆ ಸುಮಾರು 50 ಡೆಸಿಬೆಲ್ ಬೇರ್ಪಡಿಕೆ ಪುಕ್ಕಟೆ ಸಿಗುತ್ತದೆ. ಉಳಿದದ್ದಕ್ಕೆ ಕ್ಯಾವಿಟಿ ಫಿಲ್ಟರ್ (ಬೇಡದ ಫ್ರೀಕ್ವೆನ್ಸಿ ತಡೆಯುವ ಲೋಹದ ಡಬ್ಬಿ).

ಮಳೆ ಬಿದ್ದಾಗ ಮಾತ್ರ ಒಡೆಯುತ್ತದೆ ಅಂದರೆ ಎರಡೂ ಅಲ್ಲ, ಲಿಂಕ್‌ನ ಯಾಗಿ ಆಂಟೆನಾದ ಕನೆಕ್ಟರಿಗೆ ನೀರಿಳಿದಿದೆ.

---

ಮಳೆಗಾಲ_ನೆಟ್

ಬಳಕೆಯ ಬಗ್ಗೆ ಯಾರೂ ಹೇಳದ ಎರಡು ವಿಷಯ ಸೇರಿಸುತ್ತೇನೆ.

ಮಾತಾಡಲು ಹೊರಟವರು ನಿಮ್ಮ ಪಕ್ಕದ ಬೀದಿಯವರಾದರೆ ಜಾಲ ಬೇಕಿಲ್ಲ. ಯುವಿ-5ಆರ್‌ನಲ್ಲಿ ಸ್ಟಾರ್ ಗುಂಡಿ ಚುಟುಕಾಗಿ ಒತ್ತಿದರೆ ಕೇಳುವುದು-ಕಳಿಸುವುದು ಅದಲುಬದಲಾಗುತ್ತದೆ. ಅವರು ರಿಪೀಟರ್ ಮೂಲಕ ಮಾತಾಡುವಾಗ ಹಾಗೆ ಮಾಡಿ ಇನ್‌ಪುಟ್ ಕೇಳಿ. ನೇರವಾಗಿ ಕೇಳಿದರೆ ಸಿಂಪ್ಲೆಕ್ಸ್‌ಗೆ (ರಿಪೀಟರ್ ಇಲ್ಲದ ನೇರ ಮಾತಿಗೆ) ಹೋಗಿ. ಹಿಂದೆ ಬದಲಿಸಲು ಮರೆಯಬೇಡಿ, ಮರೆತರೆ ರಿಪೀಟರ್ ಔಟ್‌ಪುಟ್ ಮೇಲೇ ಕಳಿಸಿಬಿಡುತ್ತೀರಿ.

ಇದು ಬರೀ ಶಿಷ್ಟಾಚಾರದ ಮಾತಲ್ಲ, ಬ್ಯಾಟರಿ ಲೆಕ್ಕ. ಜೋಡಿಸಿದ ಜಾಲದಲ್ಲಿ ಯಾರು ಎಲ್ಲೇ ಮಾತಾಡಲಿ, ಮೂರೂ ಬೆಟ್ಟದ ಟ್ರಾನ್ಸ್‌ಮಿಟರ್ ಏಳುತ್ತವೆ. 25 ವ್ಯಾಟ್ ರೇಡಿಯೋ 12 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಎಳೆಯುತ್ತದೆ. ಸುಮ್ಮನೆ ಕೇಳುತ್ತಾ ಕೂತರೂ ರಿಸೀವರ್, ಕಂಟ್ರೋಲರ್ ಸೇರಿ ಅರ್ಧ ಆಂಪಿಯರ್ ಅಂದರೆ ದಿನಕ್ಕೆ 12 ಆಂಪಿಯರ್-ಅವರ್. ದಿನಕ್ಕೆ ಎರಡು ಗಂಟೆ ಮಾತಿಗೆ ಇನ್ನು 12. ನೂರು ಆಂಪಿಯರ್-ಅವರ್ ಸೀಸದ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು, ಹಾಗಾಗಿ ಎರಡು ದಿನಕ್ಕೆ ಖಾಲಿ. ಜುಲೈನಲ್ಲಿ ಘಟ್ಟದ ಬೆಟ್ಟದ ಮೇಲೆ ದಿನಗಟ್ಟಲೆ ಬಿಸಿಲು ಕಾಣುವುದಿಲ್ಲ, ಸೋಲಾರ್ ತುಂಬಿಕೊಡುವುದಿಲ್ಲ. ನಿಜವಾಗಿ ಬೇಕಾಗುವುದೂ ಆ ದಿನಗಳಲ್ಲೇ. ಮಳೆಗಾಲದಲ್ಲಿ ಹರಟೆ ಸಿಂಪ್ಲೆಕ್ಸ್‌ನಲ್ಲಿರಲಿ ಅಂತ ಬೇಡಿಕೊಳ್ಳುತ್ತೇನೆ.

ನೆರೆ, ಭೂಕುಸಿತದ ಸಮಯದಲ್ಲಿ ಲಿಂಕ್ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳುತ್ತಾರೆ. ಹಾಗಲ್ಲ. ಒಂದು ತಾಲ್ಲೂಕಿನ ದೋಣಿ, ಔಷಧಿ ಸಂದೇಶ ಮೂರು ಜಿಲ್ಲೆಯ ಚಾನೆಲ್ ತುಂಬಿಬಿಡುತ್ತದೆ. ಘಟನೆ ನಡೆದ ಬೆಟ್ಟವನ್ನು ಲಿಂಕ್‌ನಿಂದ ಬಿಡಿಸಿ ಸ್ಥಳೀಯ ಕೆಲಸಕ್ಕೆ ಬಿಟ್ಟು, ಗಂಟೆಗೊಂದು ಸಲ ಗೊತ್ತಾದ ಹೊತ್ತಿಗೆ ಜೋಡಿಸಿ, ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದದ್ದನ್ನು ಮಾತ್ರ ಕಳಿಸಿ. ಸಂದೇಶ ಮೊದಲು ಕಾಗದದ ಮೇಲೆ: ಏನು, ಎಷ್ಟು, ಎಲ್ಲಿಗೆ, ಯಾರಿಂದ. ಊರ ಹೆಸರು, ಸಂಖ್ಯೆ ಎರಡು ಸಲ ಹೇಳಿ. "ಅರವತ್ತು" "ಎಪ್ಪತ್ತು" ಲಿಂಕ್ ದಾಟುವಾಗ ಒಂದರಂತೆ ಇನ್ನೊಂದು ಕೇಳುತ್ತದೆ. "ಆರು ಸೊನ್ನೆ" ಅನ್ನಿ.

ಕರೆಯುವಾಗ ಕಾಲ್‌ಸೈನಿನ ಜೊತೆ ಯಾವ ಬೆಟ್ಟದ ಮೂಲಕ ಅಂತಲೂ ಹೇಳಿ. ಎದುರಿನವರಿಗೆ ನೀವು ಎಲ್ಲಿದ್ದೀರಿ ಅಂತ ಸಿಗ್ನಲ್ ನೋಡಿ ಗೊತ್ತಾಗುವುದಿಲ್ಲ, ಅವರ ಮೀಟರ್ ತೋರಿಸುವುದು ಅವರ ಬೆಟ್ಟದ ಬಲವನ್ನು.

---

ಬಯಲುಸೀಮೆ_ವಿಯು3

ವೈರ್ ಇಳಿಬಿಟ್ಟು ಕಿಟಕಿ ಪಕ್ಕದಿಂದ ಬಾಲ ಬಂತು. ಔಟ್‌ಪುಟ್‌ಗಳ ಮೂರರಷ್ಟು ಲೆಕ್ಕ ಹಾಕಿ ಕ್ಲಬ್ಬಿಗೆ ಕೊಟ್ಟಿದ್ದೇನೆ. ಕೊನೆಯದಾಗಿ ಒಂದು: ಊರಿಂದ ಹೊರಗಿದ್ದಾಗ ಮೊಬೈಲ್ ಮೂಲಕ ಈ ಜಾಲಕ್ಕೆ ಬರಬಹುದಾ?

---

ಹಳೇಹ್ಯಾಂಡಿ

ಜಾಲದಲ್ಲಿ ಎಕೋಲಿಂಕ್ ಅಥವಾ ಆಲ್‌ಸ್ಟಾರ್ ನೋಡ್ (ರಿಪೀಟರನ್ನು ಇಂಟರ್ನೆಟ್ಟಿಗೆ ಸೇರಿಸುವ ಕೊಂಡಿ) ಇದ್ದರೆ ಮಾತ್ರ, ಅದನ್ನು ಕ್ಲಬ್ಬಿನವರನ್ನೇ ಕೇಳಿ. ರಿಪೀಟರ್‌ಗೆ ಅದರದೇ ಪರವಾನಗಿ ಇರುತ್ತದೆ, ಅದರಲ್ಲಿರುವ ಷರತ್ತು ಮೀರಿ ಯಾರೂ ತಮ್ಮ ಮನೆಯಿಂದ ಇಂಟರ್ನೆಟ್ ತಂದು ಹೆಣೆಯಬಾರದು.

ನೋಡ್ ಇದ್ದರೆ, ಎಕೋಲಿಂಕ್ ಆಪ್‌ನಲ್ಲಿ ಕಾಲ್‌ಸೈನ್ ನೋಂದಾಯಿಸಿ, ಪರವಾನಗಿಯ ಪ್ರತಿ ಕಳಿಸಿ ಒಪ್ಪಿಗೆ ಪಡೆಯಬೇಕು. ಮೊದಲು 9999 ನೋಡ್‌ಗೆ ಹೋಗಿ ಮಾತಾಡಿ, ಅದು ನಿಮ್ಮ ಧ್ವನಿಯನ್ನೇ ತಿರುಗಿ ಕೇಳಿಸುತ್ತದೆ. ಮೈಕ್ ಮಟ್ಟ ಅಲ್ಲೇ ಸರಿಮಾಡಿಕೊಳ್ಳಿ, ಜಾಲದ ಮೇಲೆ ಅಲ್ಲ. ಎಕೋಲಿಂಕ್‌ಗೆ ಯುಡಿಪಿ 5198, 5199 ಪೋರ್ಟ್ ಒಳಬರಲು ತೆರೆದಿರಬೇಕು. ಮೊಬೈಲ್ ಡೇಟಾದಲ್ಲಿ ಹಲವರಿಗೆ ಒಂದೇ ವಿಳಾಸ ಹಂಚಿರುವುದರಿಂದ ಅದು ಆಗುವುದಿಲ್ಲ. ಸೆಟ್ಟಿಂಗ್‌ನಲ್ಲಿ ಪ್ರಾಕ್ಸಿ ಅಥವಾ ರಿಲೇ (ನಡುವಿನ ಸರ್ವರ್) ಆರಿಸಿ.

ಆಲ್‌ಸ್ಟಾರ್ ಇದ್ದು, ಕ್ಲಬ್ಬು ಸದಸ್ಯರಿಗೆ ಆಜ್ಞೆ ಬಳಸಲು ಬಿಟ್ಟಿದ್ದರೆ ಮೂಲ ಸೆಟ್ಟಿಂಗ್ ಇದು: ಸ್ಟಾರ್ 3 ಮತ್ತು ನೋಡ್ ಸಂಖ್ಯೆ ಜೋಡಿಸಲು, ಸ್ಟಾರ್ 2 ಮತ್ತು ಸಂಖ್ಯೆ ಬರೀ ಕೇಳಲು, ಸ್ಟಾರ್ 1 ಮತ್ತು ಸಂಖ್ಯೆ ಬಿಡಿಸಲು, ಸ್ಟಾರ್ 70 ಈಗ ಏನೇನು ಜೋಡಿಸಿದೆ ಅಂತ ಕೇಳಲು. ಕ್ಲಬ್ಬಿನವರು ಇವನ್ನು ಬದಲಿಸಿಯೂ ಇರಬಹುದು. ಜೋಡಿಸುವ ಮೊದಲು ಸ್ಟಾರ್ 70 ಒತ್ತಿ. ಮುಂಚೆಯೇ ಬೇರೆ ದಾರಿಯಿಂದ ಜೋಡಿಸಿರುವ ನೋಡನ್ನು ಮತ್ತೆ ಜೋಡಿಸಿದರೆ ಉಂಗುರವಾಗುತ್ತದೆ, ಒಂದು ಕಡೆಯ ಮಾತು ಸುತ್ತು ಹಾಕಿ ಅಲ್ಲಿಗೇ ಬಂದು ಎಲ್ಲ ಟ್ರಾನ್ಸ್‌ಮಿಟರ್‌ಗಳೂ ಎದ್ದು ನಿಂತುಬಿಡುತ್ತವೆ. ಮನೆಯ ಮೊಬೈಲ್ ರಿಗ್ಗನ್ನು (ವಾಹನದಲ್ಲಿ ಹಾಕುವಂಥ ರೇಡಿಯೋ ಸೆಟ್ಟನ್ನು) ಕ್ರಾಸ್‌ಬ್ಯಾಂಡ್‌ಗೆ (ಒಂದು ಬ್ಯಾಂಡಿನಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಕಳಿಸುವುದಕ್ಕೆ) ಹಾಕಿ ಜಾಲಕ್ಕೆ ಸೇರಿಸಿ ಮರೆತರೂ ತೊಂದರೆ ಇದೇ ಜಾತಿಯದು: ರಿಪೀಟರ್ ಬಾಲ ಬೀಳುವವರೆಗೂ ನಿಮ್ಮ ರಿಗ್ ನಿಮ್ಮ ಹ್ಯಾಂಡಿಯ ಕಡೆಗೇ ಕಳಿಸುತ್ತಿರುತ್ತದೆ, ನಿಮ್ಮ ಮಾತು ಕೇಳುವುದೇ ಇಲ್ಲ.

ಇಂಟರ್ನೆಟ್ ದಾರಿಯಲ್ಲಿ ಬಂದಾಗ ತಡ ಇನ್ನೂ ಅರ್ಧ ಸೆಕೆಂಡು ಹೆಚ್ಚು ಅಂತಿಟ್ಟುಕೊಳ್ಳಿ. ಎಣಿಕೆ ಪರೀಕ್ಷೆ ಆ ದಾರಿಗೆ ಬೇರೆಯಾಗಿ ಮಾಡಿ. 73 (ಶುಭಾಶಯ).